ಹುಣಸೆಮರದ ಈಚೆಗಿನ ಇದ್ದಿಲು

ಇದ್ದಿಲು ಮೇಷ್ಟ್ರ ಕೆಲಸ ಹೋದದ್ದು ನನ್ನ ಬಾಯಿಂದ. ಇದ್ದಿಲು ಹೂಳುವ ಸ್ಕೀಮಿಗೆ ದುಡ್ಡು ಬರಲಿಲ್ಲ, ಅದಕ್ಕೇ ಬಿಡಿಸಿದರು ಎಂದು ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ನನ್ನ ಮುಖ ನೋಡಿ ಹಾಗೆ ಹೇಳುತ್ತಾರೆ. ಸುಳ್ಳು. ಹಾಲಿನ ಡೈರಿ ಮುಂದೆ, ಊರೆಲ್ಲ ಸಾಲು ನಿಂತಿದ್ದಾಗ, ಕ್ಯಾನು ಕೆಳಗಿಟ್ಟು ನಾನು ಅವರನ್ನು ಕಳ್ಳ ಎಂದೆ. ಅವರು ಕಳ್ಳರಾಗಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರಂತೆ. ಸೊಸೆ ಸವಿತಾ ಫೋನಿನಲ್ಲಿ ಫೋಟೋ ತೋರಿಸಿದಳು. ಸುತ್ತ ಹೂವಿನ ಚಿತ್ರ ಹಾಕಿದ್ದರು. ಇಸ್ತ್ರಿ ಮಾಡಿದ ಷರಟು, ತೊಳೆದಂಥ ಕೈ. ಯಾರೋ ಬೇರೆಯವರು ಅನ್ನಿಸಿತು. ನಾನು ನೋಡಿದ ಮನುಷ್ಯನ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಇರುತ್ತಿತ್ತು. ಜೇಬಿನಲ್ಲಿದ್ದ ಕರವಸ್ತ್ರಕ್ಕೆ ಮೊದಲು ಯಾವ ಬಣ್ಣವಿತ್ತೋ ಅವರಿಗೂ ನೆನಪಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದೆಂದರೆ ತಿಣುಕಾಟ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಬೇರೆಯವರು ಹೇಳಿದರೆ ನನ್ನನ್ನು ಬಿಟ್ಟು ಹೇಳುತ್ತಾರೆ.

ಅವರ ಊರು ಚನ್ನಪಟ್ಟಣ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವರು. ಆಮೇಲೆ ಸುಮ್ಮನೆ ಕೂರಲಾರದೆ ಈ ಸ್ಕೀಮಿಗೆ ಸೇರಿದ್ದರು. ಚನ್ನಪಟ್ಟಣದಿಂದ ರಾಮನಗರಕ್ಕೆ ರೈಲು, ಅಲ್ಲಿಂದ ಮಾಗಡಿಗೆ ಬಸ್ಸು, ಮಾಗಡಿಯಿಂದ ನಮ್ಮೂರಿಗೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಯಾರದಾದರೂ ಟೆಂಪೋ. ಹೆಗಲಿಗೆ ಒಂದು ಚೀಲ, ಅದರಲ್ಲಿ ಊಟದ ಡಬ್ಬಿ, ಕೊಕ್ಕೆಯ ತಕ್ಕಡಿ, ಒಂದು ನೋಟ್‌ಬುಕ್ಕು.

ಮೊದಲ ದಿನ ಡೈರಿ ಮುಂದೆಯೇ ನಿಂತು ಹೇಳಿದರು. "ಗಾಳೀಲಿರೋ ಇಂಗಾಲ ಜಾಸ್ತಿ ಆಗ್ಬುಟ್ಟೈತೆ. ಅದನ್ನ ಹಿಡಿದು ಮಣ್ಣೊಳಗೆ ಹೂತಿಡೋ ಕೆಲ್ಸ ಇದು. ಗಿಡ ಹೀರಿದ ಇಂಗಾಲ ಕಡ್ಡೀಲಿರ್ತದೆ, ಕಡ್ಡಿನ ಡ್ರಮ್ಮಲ್ಲಿ ಸುಟ್ಟು ಇದ್ದಿಲು ಮಾಡಿ ಹೂಳಾದು. ಡ್ರಮ್ಮಿಗೆ ಅರ್ಧ ಸರ್ಕಾರ ಕೊಡ್ತದೆ."

ನಮ್ಮ ಕಡೆ ಗಾಳಿ ಹಿಡಿಯುವುದು ಅಂದರೆ ದೆವ್ವ ಮೆಟ್ಟಿಕೊಳ್ಳುವುದು. ಹೂಳುವುದು ಅಂದರೆ ಒಂದೋ ಹೆಣ, ಇಲ್ಲದಿದ್ದರೆ ಮಾಟ. ಸಾಲಿನಲ್ಲಿ ಪಿಸುಗುಟ್ಟಾಟ ಶುರುವಾಯಿತು. ನನ್ನ ಪಕ್ಕದ ಹೊಲದ ಕೆಂಚಣ್ಣ, ನನ್ನ ಯಜಮಾನರಿಗೆ ದಾಯಾದಿ ತಮ್ಮನಾಗಬೇಕು, ಗಟ್ಟಿಯಾಗಿ ಕೂಗಿದ:

"ಸಾ, ಗಾಳಿ ಹಿಡ್ದೋರ್ನ ಬೇಕಾದಷ್ಟ್ ನೋಡಿವ್ನಿ. ಗಾಳಿ ಹಿಡ್ಯೋರ್ನ ಇವತ್ತೇ ನೋಡ್ತಿರೋದು!"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ನಮಗಿಂತ ಜಾಸ್ತಿ ನಕ್ಕರು. ನನಗೆ ಅನುಮಾನ ಶುರುವಾದದ್ದು ಅಲ್ಲೇ. ತನ್ನನ್ನು ಆಡಿಕೊಂಡರೆ ತಾನೂ ನಗುವ ಆಫೀಸಿನವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇವರಿಗೆ ನಮ್ಮಿಂದ ಏನೋ ದೊಡ್ಡದು ಬೇಕಾಗಿದೆ ಅಂದುಕೊಂಡೆ.

ಅನುಮಾನಕ್ಕೆ ಕಾರಣಗಳಿದ್ದವು. ಹಿಂದೆ ಹೊಗೆ ಇಲ್ಲದ ಒಲೆ ಎಂದು ಕೊಟ್ಟಿದ್ದರು. ನನ್ನನ್ನು ಒಲೆ ಮುಂದೆ ಕೂರಿಸಿ ಫೋಟೋ ತೆಗೆದುಕೊಂಡು ಹೋದರು. ಒಲೆ ಹೊಗೆ ಬಿಡಲಿಲ್ಲ, ನಿಜ. ಮುದ್ದೆಯೂ ಬೇಯಲಿಲ್ಲ. ಗೋಬರ್ ಗ್ಯಾಸಿನ ಗುಂಡಿಯಲ್ಲಿ ಈಗ ಕೋಳಿ ಮೊಟ್ಟೆ ಇಡುತ್ತದೆ. ಸೋಲಾರ್ ದೀಪದ ಕಂಬಕ್ಕೆ ಕುರಿ ಕಟ್ಟುತ್ತೇವೆ. ಇವೆಲ್ಲ ಬಂದಾಗ ಫೋಟೋ ತೆಗೆಯಲು ಬಂದವರು ಕೆಟ್ಟಾಗ ನೋಡಲು ಬರಲಿಲ್ಲ. ಈಗ ಇವರು ಬೇರೆ ಪಹಣಿ ತೋರಿಸಿ ಅಂದರು. ಸಹಿ ಬೇಕು ಅಂದರು. ಫೋನು ಮುಂದೆ ಹಿಡಿದುಕೊಂಡು ನನ್ನ ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆದರು. ಫೋನಿನೊಳಗೆ ನನ್ನ ಹೊಲದ ಸುತ್ತ ಕೆಂಪು ಗೆರೆ ಬಂತು. ನಮ್ಮ ಮಾಗಡಿ ರೋಡಿನ ಕಡೆ ಹೊಸಬರು ಪಹಣಿ ಕೇಳಿದರೆ ಅದು ಒಂದಕ್ಕೇ, ಭೂಮಿಗೆ.

"ಗೆರೆ ಯಾಕ್ ಎಳೆದ್ರಿ ಮೇಷ್ಟ್ರೇ?"

"ಯಾವ ಹೊಲ್ದಲ್ಲಿ ಹೂತಿದ್ದು ಅಂತ ಗುರ್ತಿಗೆ ಕಣವ್ವ. ಅಷ್ಟು ಹೂತಿದ್ದಕ್ಕೆ ಯಾವ್ದೋ ಕಂಪ್ನಿಯೋರು ಕಾಸು ಕೊಡ್ತಾರೆ."

"ಯಾವ್ ಕಂಪ್ನಿ?"

"ಹೊಗೆ ಬಿಡೋ ಕಂಪ್ನಿ."

"ಹೊಗೆ ಬಿಡೋರು ಅವ್ರು, ಹೂಳೋರು ನಾವಾ?"

ಬೇರೆಯವರಾಗಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದರು. ಇವರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡು, ಕುತ್ತಿಗೆ ಇನ್ನಷ್ಟು ಕಪ್ಪು ಮಾಡಿಕೊಂಡು, "ಅದು ನಂಗೂ ಸರಿ ಕಾಣ್ಸಲ್ಲ ಕಣವ್ವ. ಆದ್ರೆ ಇದ್ದಿಲು ನಿಮ್ ಮಣ್ಣಿಗೆ ಒಳ್ಳೇದು, ಅದೊಂದು ನಿಜ" ಎಂದರು. ಒಪ್ಪಿಕೊಂಡವರನ್ನು ಎದುರಿಸುವುದು ಕಷ್ಟ. ಹೂಂ ಅನ್ನದೆ ಎದ್ದು ಹೋದೆ.

ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು. ರೇಷ್ಮೆಕಡ್ಡಿ, ಅಂದರೆ ಹುಳಕ್ಕೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ, ತೆಂಗಿನ ಚಿಪ್ಪು ಎಲ್ಲ ಡ್ರಮ್ಮಿಗೆ ತುಂಬಿ ಬೆಂಕಿ ಕೊಟ್ಟು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಹೊಗೆ ಬೆಳ್ಳಗಿದ್ದದ್ದು ತೆಳ್ಳಗಾಗುವವರೆಗೆ ಕಣ್ಣು ಕೀಳುತ್ತಿರಲಿಲ್ಲ. ಆಮೇಲೆ ಗಬಕ್ಕನೆ ಮುಚ್ಚಳ ಹಾಕಿ ಸುತ್ತ ಮಣ್ಣು ಮೆತ್ತುತ್ತಿದ್ದರು. "ಗಾಳಿ ಬುಟ್ರೆ ಬೂದಿ, ತಡೆದ್ರೆ ಇದ್ದಿಲು" ಎನ್ನುವರು. ಆರಿದ ಮೇಲೆ ಎರಡು ತುಂಡು ತೆಗೆದು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟುವರು. ಟಣ್ ಎಂದರೆ ಬೆಂದಿದೆ. ಡಬ್ ಎಂದರೆ ಇನ್ನೂ ಕಡ್ಡಿಯೇ, ಅದು ಮತ್ತೆ ಡ್ರಮ್ಮಿಗೆ. ತೂಗುವಾಗ ಮುಳ್ಳು ಒಸಿ ಹಿಂದಿದ್ದರೂ ಹಿಂದಿನದನ್ನೇ ಬರೆಯುವರು. ಜನ ಏನು ಕೇಳಿದರೂ ಅವರದು ಒಂದೇ ಮಾತು: "ನಂಬಬ್ಯಾಡಿ, ನೋಡಿ."

ಒಂದು ದಿನ ನಾನು ಕೇಳಿದೆ. "ಮಣ್ಣಲ್ಲಿ ಹೂತಿದ್ದು ಎಷ್ಟು ದಿನ ಇರ್ತದೆ?"

"ನೂರು ವರ್ಷ ಆದ್ರೂ ಕೊಳೆಯಲ್ಲ."

"ನೂರು ವರ್ಷ ಆದ್ಮೇಲೆ ಯಾರ್ ಬಂದ್ ನೋಡ್ತಾರೆ? ನೀವ್ ಬತ್ತೀರಾ?"

ಅವರು ತಲೆ ಕೆರೆದುಕೊಂಡರು.  ಅದಕ್ಕೆ ಉತ್ತರ ನನ್ನ ಹೊಲದ ಮೂಲೆಯಲ್ಲೇ ಇತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ಮೊದಲ ಸಲ ಅವರು ಸುಟ್ಟಿದ್ದು ನಮ್ಮ ಕಡ್ಡಿಯನ್ನಲ್ಲ. ಯಾರೂ ಕೊಡಲಿಲ್ಲವಲ್ಲ. ಚನ್ನಪಟ್ಟಣದ ಬೊಂಬೆ ಮಾಡುವವರ ಹತ್ತಿರ ಮರ ಕಡೆಯುವಾಗ ಉಳಿದ ಚೂರು, ಕೆಟ್ಟುಹೋದ ಬೊಂಬೆ, ಎಲ್ಲ ಎರಡು ಚೀಲ ಕಟ್ಟಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ನನಗೇನೂ ಖರ್ಚಿಲ್ಲವಲ್ಲ ಎಂದು ನಾನೂ ಬೇಡ ಅನ್ನಲಿಲ್ಲ. ನನ್ನ ಜಗಲಿಯ ಮೇಲೆ ಸುರಿದು, ಅರಗಿನ ಬಣ್ಣ ಹತ್ತಿದ ಚೂರುಗಳನ್ನು ಒಂದೊಂದಾಗಿ ಆರಿಸಿ ಬೇರೆ ಹಾಕಿದರು. ಬಣ್ಣ ಸುಡಬಾರದಂತೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮಧ್ಯಾಹ್ನದವರೆಗೂ ಕೂತಿದ್ದರು. ನಾನು ಸುಮ್ಮನಿರಲಾರದೆ ಒಂದು ಗುಂಡಗಿನ ಚೂರು ಎತ್ತಿಕೊಂಡೆ.

"ಇದೇನು?"

"ಆಟದ ಗಾಡಿ ಚಕ್ರ. ತೂತು ಓರೆ ಆಗೈತೆ ನೋಡಿ, ಅದಕ್ಕೇ ಎಸೆದವ್ರೆ. ನಮ್ಮಪ್ಪನೂ ಬೊಂಬೆ ಕಡೆಯೋರು. ಇಂಥ ಓರೆ ತೂತಿಗೆ ಎಷ್ಟ್ ಬೈಸ್ಕೊಂಡವ್ರೋ."

ಆ ಚಕ್ರ ಡ್ರಮ್ಮಿಗೆ ಹೋಯಿತು. ಚಕ್ರದ ಆಕಾರದಲ್ಲೇ ಇದ್ದಿಲಾಗಿ ಹೊರಗೆ ಬಂತು. ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, ಉಳಿದದ್ದರ ಜೊತೆ ಸಗಣಿ ನೀರಿನಲ್ಲಿ ನೆನೆಹಾಕಿದರು. ಅದು ನೆನೆಯುವಷ್ಟು ದಿನದಲ್ಲಿ ಊರಿನ ಕೆಲವರು ತಮ್ಮ ಕಡ್ಡಿ, ಚಿಪ್ಪು ಕೊಟ್ಟು ಸುಡಿಸಿಕೊಂಡರು.

ಎಲ್ಲಿ ಹೂಳುವುದು ಎಂದು ಕೇಳಿದಾಗ ನಾನು ಕುರಿ ಹೊಡೆದುಕೊಂಡು ಹೊರಟಿದ್ದೆ. ಕೈ ಎತ್ತಿ, "ಅಗೋ, ಹುಣಸೆಮರದ ಈಚೆ, ಎಲ್ಲಾದ್ರೂ ಹೂತ್ಕಳಿ" ಎಂದೆ. ಅಲ್ಲಿ ಬರೀ ಗರಸು ಮಣ್ಣು, ರಾಗಿ ಗೇಣುದ್ದ ಏಳುವುದಿಲ್ಲ. ಕೆಟ್ಟ ಜಾಗ ಕೊಟ್ಟರೆ ಕಳೆದುಕೊಳ್ಳುವುದು ಕಡಿಮೆ ಎಂಬ ಲೆಕ್ಕ ನನ್ನದು.

ಸಂಜೆ ಬಂದು ನೋಡಿದವಳು ಕುರಿಯನ್ನು ಅಲ್ಲೇ ಬಿಟ್ಟು ಮರದ ಹತ್ತಿರ ಓಡಿದೆ.

ಹುಣಸೆಮರದ ಈಚೆಗೆ, ನೂಲು ಹಿಡಿದಂತೆ ನೇರವಾಗಿ ಒಂದು ಚರಂಡಿ ತೋಡಿ, ಉದ್ದಕ್ಕೂ ಇದ್ದಿಲು ಸುರಿದು ಮುಚ್ಚಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಹೊಲದ ಎಲ್ಲೆಗೆ ಬಾಂದು ಕಲ್ಲು ನೆಡುವಾಗ ಹಿರಿಯರು ಅದರ ಬುಡಕ್ಕೆ ಇದ್ದಿಲು ಹಾಕುತ್ತಿದ್ದರು. ಕಲ್ಲನ್ನು ಯಾರಾದರೂ ಕಿತ್ತು ಜರುಗಿಸಬಹುದು, ಕೆಳಗಿನ ಇದ್ದಿಲು ಜರುಗುವುದಿಲ್ಲ, ಕೊಳೆಯುವುದೂ ಇಲ್ಲ. ಜಗಳ ಬಂದರೆ ಅಗೆದು ನೋಡುವುದು. ಇದ್ದಿಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಎಲ್ಲೆ. ನನ್ನ ಮತ್ತು ಕೆಂಚಣ್ಣನ ಮಧ್ಯದ ಬಾಂದು ಕಲ್ಲು ಮರದ ಆಚೆಗಿತ್ತು. ಎರಡು ವರ್ಷದ ಹಿಂದೆ ಅವನು ಹೊಲ ಮಟ್ಟ ಮಾಡಿಸಿದಾಗ ಜೆಸಿಬಿ ಅದನ್ನು ಕಿತ್ತು ಎಲ್ಲೋ ಎಸೆದಿತ್ತು. ಜೆಸಿಬಿಗೆ ಕಣ್ಣಿಲ್ಲ ಎಂದು ಅವನು ಹೇಳಿದ್ದ. ಈಗ ಮರದ ಈಚೆಗೆ ಇದ್ದಿಲಿನ ಸಾಲು ಬಿದ್ದರೆ ಮರ ಯಾರದಾಯಿತು? ನಾನು ಸೊಸೆಯಾಗಿ ಬಂದಾಗಿನಿಂದ ಹಣ್ಣು ಬಡಿದು, ಒಣಗಿಸಿ, ಬೀಜ ಬಿಡಿಸಿ ಮಾರುತ್ತಾ ಬಂದ ಮರ ಅದು.

ಅದರ ಮೇಲೆ ಸವಿತಾ ಒಂದು ಮಾತು ಹೇಳಿದಳು. "ಅತ್ತೆ, ಮಧ್ಯಾಹ್ನ ಕೆಂಚಣ್ಣ ಮಾವ ಮೇಷ್ಟ್ರಿಗೆ ಎಳ್‌ನೀರು ಕೆತ್ತಿ ಕೊಡ್ತಿದ್ರು."

ಅಷ್ಟು ಸಾಕಾಯಿತು. ಮಾರನೆಯ ದಿನ ಡೈರಿ ಮುಂದೆ ಮೇಷ್ಟ್ರು ಬಸ್ಸು ಇಳಿಯುವುದನ್ನೇ ಕಾದಿದ್ದೆ.

"ಎಳ್‌ನೀರು ಕುಡ್ದು ನನ್ ಹುಣಸೆಮರ ಬರ್ಕೊಟ್ಟ ಕಳ್ಳ ಬಂದ ನೋಡ್ರಪ್ಪೋ!"

ಕೆಂಚಣ್ಣ ಹಲ್ಲು ಕಿಸಿದು, "ನಾನೇನ್ ಮಾಡ್ದೆ ಅತ್ಗೆ? ಬಾಯಾರ್ದೋರ್ಗೆ ನೀರ್ ಕೊಡ್ಬಾರ್ದಾ?" ಎಂದ. ಮೇಷ್ಟ್ರಿಗೆ ನಾನು ಬಯ್ಯುತ್ತಿರುವುದು ಯಾಕೆಂದೇ ಗೊತ್ತಾಗಲಿಲ್ಲ. ಯಾರೋ ಬಿಡಿಸಿ ಹೇಳಿದ ಮೇಲೆ ಅವರ ಮುಖ ಇಳಿಯಿತು. ಜಗಳಕ್ಕೆ ನಿಲ್ಲಲಿಲ್ಲ. ನೇರ ನನ್ನ ಹೊಲಕ್ಕೆ ಹೋಗಿ, ತಾವೇ ಗುದ್ದಲಿ ಹಿಡಿದು, ಹೂತಿದ್ದ ಇದ್ದಿಲನ್ನೆಲ್ಲ ತೋಡಿ ಚೀಲಕ್ಕೆ ತುಂಬಿದರು. ಬಿಸಿಲು ನೆತ್ತಿಗೆ ಬಂತು, ನಾನು ನೀರು ಕೊಡಲಿಲ್ಲ. ಹೋಗುವಾಗ ಜಗಲಿಯ ಕೆಳಗೆ ನಿಂತು ಹೇಳಿದರು:

"ಅವ್ವ, ಬಾಂದು ಕಲ್ಲಿನ ಕೆಳ್ಗೆ ಇದ್ದಿಲು ಹಾಕ್ತಾರೆ ಅಂತ ನಂಗೊತ್ತಿರ್ಲಿಲ್ಲ. ಊರೂರಲ್ಲಿ ಇದ್ದಿಲು ಹೂಳಕ್ಕೆ ಹೊರಟವ್ನು ಮೊದ್ಲು ಕೇಳ್ಕೋಬೇಕಾಗಿತ್ತು. ತಪ್ಪು ನಂದೇ. ದಪ್ಪದ್ದೆಲ್ಲ ತೆಗ್ದಿವ್ನಿ. ಚೂರು ಉಳ್ದವೆ, ಅದು ಕೈಗೆ ಸಿಗಲ್ಲ."

ನಾಟಕ ಅಂದುಕೊಂಡೆ. ಸವಿತಾಳ ಕೈಲಿ ಅರ್ಜಿ ಬರೆಸಿ ಸಹಿ ಹಾಕಿ ಅವರ ಆಫೀಸಿಗೆ ಕಳಿಸಿದೆ.

ಮೂರು ದಿನದಲ್ಲಿ ಜೀಪು ಬಂತು. ಅದರಲ್ಲಿ ಬಂದ ಸಾಹೇಬರನ್ನು ಹಿಂದೆ ಒಂದು ಸಲ ನೋಡಿದ್ದೆ. ಅವತ್ತು ನನ್ನ ಅಂಗಳದಲ್ಲೇ ಇದ್ದಿಲಿನ ರಾಶಿ ಮುಂದೆ ನಿಂತು ಮೇಷ್ಟ್ರಿಗೆ ಹೇಳುತ್ತಿದ್ದರು: "ಇದೇ ರಾಶಿನ ಇನ್ನೂ ಎರಡು ಹೊಲದ ಹೆಸರಿಗೆ ತೋರಿಸಿ. ಬೇರೆ ಕಡೆಯಿಂದ ನಿಂತು ಫೋಟೋ ತೆಗೀರಿ, ಸಾಕು."

ಮೇಷ್ಟ್ರು ಹೇಳಿದ್ದರು: "ಒಬ್ಬನ ಉತ್ತರ ನೋಡ್ಕೊಂಡು ಇನ್ನಿಬ್ರು ಬರೆದ್ರೆ ನಾನು ಮೂರು ಜನಕ್ಕೂ ಸೊನ್ನೆ ಹಾಕ್ತಿದ್ದೆ ಸಾರ್."

ಸಾಹೇಬರು ಆಗ ಮುಖ ತಿರುಗಿಸಿ ಜೀಪು ಹತ್ತಿದ್ದರು. ಈಗ ನನ್ನ ಅರ್ಜಿಯನ್ನು ಎರಡು ಸಲ ಓದಿ, ಮಡಚಿ, ಜೇಬಿನ ಗುಂಡಿ ಹಾಕಿಕೊಂಡರು. ಹಬ್ಬದ ಸೀರೆ ಸಿಕ್ಕ ಹಾಗೆ. ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ ಸುಮ್ಮನಿದ್ದೆ. ಮೇಷ್ಟ್ರು ಆಮೇಲೆ ಬರಲಿಲ್ಲ. ಡ್ರಮ್ಮು ಪಂಚಾಯಿತಿ ಹಿಂದೆ ತುಕ್ಕು ಹಿಡಿಯಿತು. ಬಸ್ ಸ್ಟಾಪಿನಲ್ಲಿ ನೆಟ್ಟ ಸ್ಕೀಮಿನ ಬೋರ್ಡು ಮಾತ್ರ ಚೆನ್ನಾಗಿದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆರು ತಿಂಗಳಾದ ಮೇಲೆ ಕೆಂಚಣ್ಣನೇ ಹದ್ದುಬಸ್ತಿಗೆ ಅರ್ಜಿ ಹಾಕಿದ, ಅಂದರೆ ಸರ್ಕಾರದವರು ಬಂದು ಎಲ್ಲೆ ಅಳೆದು ಗುರುತು ಮಾಡಿಕೊಡಲಿ ಎಂದು. ಸರ್ವೆಯವರು ಅಳೆದು, "ಮರದ ಆಚೀಚೆ ಬರ್ತಾ ಇದೆ, ಕಲ್ಲಿದ್ದ ಜಾಗ ಗೊತ್ತಾದ್ರೆ ಒಳ್ಳೇದು" ಎಂದರು. ಕೆಂಚಣ್ಣ ಕಾದೇ ಇದ್ದ. ಮೇಷ್ಟ್ರು ತೋಡಿದ್ದ ಜಾಗಕ್ಕೇ ಗುದ್ದಲಿ ಹಾಕಿದ. ಮಣ್ಣಿನ ಜೊತೆ ಕಪ್ಪು ಚೂರು ಬಂದವು.

"ನೋಡಿ ಸಾ, ಇದ್ದಿಲು! ನಮ್ ತಾತನ ಕಾಲದ್ದು!"

"ಅದು ಮೇಷ್ಟ್ರು ಹಾಕಿದ್ದು" ಎಂದೆ.

"ಯಾವ ಮೇಷ್ಟ್ರು? ಕಳ್ಳ ಅಂತ ನೀನೇ ಓಡಿಸ್ದಲ್ಲ ಅತ್ಗೆ, ಅವ್ನಾ?"

ಸರ್ವೆಯವರು ನನ್ನ ಕಡೆ ತಿರುಗಿದರು. "ಹಾಕಿದೋರು ಯಾರೋ ಅವರನ್ನ ಗುರುವಾರ ಕರೆಸಿ. ಇಲ್ಲಾಂದ್ರೆ ಸಿಕ್ಕಿದ್ದನ್ನ ಬರ್ಕೊಂಡು ಹೋಗ್ತೀನಿ."

ಫೋನು ಮಾಡಿದ್ದು ಸವಿತಾ. ನನಗೆ ಮುಖವಿರಲಿಲ್ಲ. ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ; ಅವರ ಜಾಗದಲ್ಲಿ ನಾನಿದ್ದರೆ ಬರುತ್ತಿರಲಿಲ್ಲ. ಸವಿತಾ ಫೋನು ಇಟ್ಟು, "ಬತ್ತಾರಂತೆ. ಯಾವ ಬಸ್ಸು ಅಂತ ಮಾತ್ರ ಕೇಳುದ್ರು" ಎಂದಳು.

ಗುರುವಾರ ಬಂದರು. ಅದೇ ಚೀಲ. ನನಗೆ ಕೈ ಮುಗಿದರು, ಕೆಂಚಣ್ಣನಿಗೂ ಮುಗಿದರು. ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮಣ್ಣನ್ನು ಬೆರಳಲ್ಲಿ ಕೆದಕುತ್ತಾ ಹೋದರು.  ನನ್ನ ಕಣ್ಣು ಒಂದು ಸಲ ಮರದ ಮೇಲೆ, ಒಂದು ಸಲ ಅವರ ಬೆರಳಿನ ಮೇಲೆ. ಇವರು ಮನಸ್ಸು ಮಾಡಿದರೆ ಇವತ್ತು ನನ್ನ ಮರ ಹೋಯಿತು ಎಂದು ಕೊನೆಯ ಗಳಿಗೆಯಲ್ಲೂ ಅನುಮಾನವೇ.

ಬೆರಳು ನಿಂತಿತು. ಏನನ್ನೋ ಎತ್ತಿ, ಊದಿ, ಸರ್ವೆಯವರ ಅಂಗೈಗೆ ಇಟ್ಟರು.

"ಆಟದ ಗಾಡಿ ಚಕ್ರ ಸಾರ್. ಚನ್ನಪಟ್ಟಣದ್ದು. ನಾನು ತಂದ ಚೀಲದಲ್ಲಿತ್ತು. ತೂತು ಓರೆ ಐತೆ."

ಸರ್ವೆಯವರು ಅದನ್ನು ತಿರುಗಿಸಿ ನೋಡಿ ಜೋರಾಗಿ ನಕ್ಕುಬಿಟ್ಟರು. "ಏನ್ರೀ ಕೆಂಚಣ್ಣ, ನಿಮ್ಮ ತಾತ ಬಾಂದು ಕಲ್ಲಿಗೆ ಆಟದ ಗಾಡಿ ಹೂತಿದ್ರಾ?"

ಆಮೇಲೆ ನಾನು ತೋರಿಸಿದಲ್ಲಿ, ಮರದ ಆಚೆಗೆ, ಅಗೆದರು. ಮೊಣಕಾಲುದ್ದ ಹೋದ ಮೇಲೆ ಕಲ್ಲುಚೂರು ಸಿಕ್ಕವು, ಅದರ ಕೆಳಗೆ ಇದ್ದಿಲು. ನಮ್ಮ ಮಾವನವರ ಅಪ್ಪನೋ ತಾತನೋ ಹಾಕಿದ್ದು. ನಿನ್ನೆ ಒಲೆಯಿಂದ ತೆಗೆದ ಹಾಗಿತ್ತು. ಮೇಷ್ಟ್ರು ಎರಡು ತುಂಡು ತೆಗೆದುಕೊಂಡು, ಅಭ್ಯಾಸಬಲ, ಕಿವಿಯ ಹತ್ತಿರ ತಟ್ಟಿದರು. ಟಣ್ ಎಂದಿತು. ನನ್ನ ಕಿವಿಯ ಹತ್ತಿರ ತಂದು ಇನ್ನೊಂದು ಸಲ ತಟ್ಟಿದರು.

"ನೂರು ವರ್ಷ ಆದ್ಮೇಲೆ ಯಾರ್ ಬಂದ್ ನೋಡ್ತಾರೆ ಅಂದಿದ್ರಲ್ಲ ಅವ್ವ."

ಅಷ್ಟೇ. ತುಂಡುಗಳನ್ನು ಮತ್ತೆ ಗುಂಡಿಗೆ ಹಾಕಿ ಎದ್ದರು.

ಮನೆಗೆ ಕರೆದೆ. ನೀರು ಕುಡಿದರು. ಬಿಡಿಸಿಟ್ಟ ಹುಣಸೆಹಣ್ಣು ಒಂದು ಚೀಲ ಕಟ್ಟಿ ಮುಂದಿಟ್ಟೆ. ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಾ ನಕ್ಕರು.

"ಬ್ಯಾಡ ಕಣವ್ವ. ಎಳ್‌ನೀರು ಕುಡ್ದಿದ್ದಕ್ಕೇ ಅಷ್ಟಾಯ್ತು. ಹುಣಸೆಹಣ್ಣು ಒಯ್ದ್ರೆ ಕೆಂಚಣ್ಣನೋರು ಏನಂದಾರು?"

ತಮಾಷೆಗೇ ಅಂದರು. ನನಗೆ ನಗು ಬರಲಿಲ್ಲ. ಚೀಲ ಅಲ್ಲೇ ಉಳಿಯಿತು. ತಪ್ಪಾಯಿತು ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ, ನನ್ನ ಬಾಯಿಗೂ ಬರಲಿಲ್ಲ. ಬಸ್ಸು ಬಂತು, ಹೋದರು. ಅದೇ ಕೊನೆ ನೋಡಿದ್ದು.

ಆ ವಾರವೇ ಅವರ ಆಫೀಸಿಗೆ ಇನ್ನೊಂದು ಅರ್ಜಿ ಕಳಿಸಿದೆ, ಮೊದಲನೆಯದು ಸುಳ್ಳು ಎಂದು. ಕಳ್ಳ ಎಂದ ಅರ್ಜಿಗೆ ಮೂರು ದಿನದಲ್ಲಿ ಜೀಪು ಬಂದಿತ್ತು. ಕಳ್ಳರಲ್ಲ ಎಂದ ಅರ್ಜಿಗೆ ಇವತ್ತಿನವರೆಗೂ ಯಾರೂ ಬಂದಿಲ್ಲ. ಸ್ಕೀಮಿನ ಮೇಲೆ ನನ್ನ ಅನುಮಾನ ಹೋಗಿಲ್ಲ, ಹೋಗುವುದೂ ಇಲ್ಲ. ಬೇರೊಂದು ಹೆಸರಿನಲ್ಲಿ ಮತ್ತೆ ಬರುತ್ತಾರಂತೆ. ಬರಲಿ, ಪಹಣಿ ಕೊಡುವುದಿಲ್ಲ.

ಅರ್ಜಿ ಆಮೇಲಿನದು. ಮೇಷ್ಟ್ರು ಬಸ್ಸು ಹತ್ತಿ ಹೋದ ಮಾರನೆಯ ಬೆಳಿಗ್ಗೆಯೇ ಮಾಡಿದ್ದು ಬೇರೆ. ಹಸು ಕರೆದು, ಕ್ಯಾನು ಹಿಡಿದು ಡೈರಿಗೆ ಹೋದೆ. ಊರೆಲ್ಲ ಸಾಲು ನಿಂತಿತ್ತು. ಕೆಂಚಣ್ಣನೂ ಇದ್ದ. ನಾನು ಕ್ಯಾನು ಕೆಳಗಿಟ್ಟಿದ್ದು ನೋಡಿ ಅವನಿಗೆ ಹಳೆಯದು ನೆನಪಾಯಿತು.

"ಇವತ್ ಯಾರ್ ಅತ್ಗೆ ಕಳ್ರು?"

"ಇವತ್ ನಾನೇ ಕಣೋ."

 ಸೆರಗಿನ ಗಂಟು ಬಿಚ್ಚಿ, ಸರ್ವೆಯವರ ಕೈಯಿಂದ ಇಸಿದುಕೊಂಡಿದ್ದ ಚಕ್ರವನ್ನು ಹಾಲು ಅಳೆಯುವ ಮೇಜಿನ ಮೇಲೆ ಇಟ್ಟೆ.

"ಜಾಗ ತೋರ್ಸಿದ್ದು ನಾನು. ಸುಳ್ ಅರ್ಜಿ ಹಾಕಿದ್ದು ನಾನು. ಆ ಮನ್ಸ ಒಂದ್ ಕಡ್ಡಿ ಕದ್ದಿಲ್ಲ. ನಂಬಬ್ಯಾಡಿ, ನೋಡಿ."

 ಡೈರಿ ಸೆಕ್ರೆಟರಿ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ತೂತಿಗೆ ಕಣ್ಣಿಟ್ಟು ನೋಡಿದ.

"ಓರೆ ಐತಲ್ಲ ದೊಡ್ಡವ್ವ."

"ಹೂಂ, ಓರೆಯೇ" ಎಂದು ಹಾಲು ಸುರಿದೆ.